ಬಿಪಿಗೆ ಆರು ತಿಂಗಳಿಗೊಂದು ಸೂಜಿ: ಝಿಲೆಬೆಸಿರಾನ್ ಪ್ರಕರಣ

ನಮ್ಮ ಮೆಡಿಕಲ್ ಶಾಪಿಗೆ ಬರುವ ಕಾಯಂ ಗಿರಾಕಿಗಳಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಟೆಲ್ಮಿಸಾರ್ಟನ್ 40, ದಿನಕ್ಕೊಂದು. ಹತ್ತು ಮಾತ್ರೆಯ ಒಂದು ಶೀಟು ತಗೊಂಡು ಹೋಗುತ್ತಾರೆ. ಲೆಕ್ಕದ ಪ್ರಕಾರ ಹನ್ನೊಂದನೇ ದಿನ ಮತ್ತೆ ಬರಬೇಕು. ಬರುವುದು ಇಪ್ಪತ್ತೈದನೇ ದಿನ. ಕೇಳಿದರೆ, "ಏನೂ ತೊಂದರೆ ಇರಲಿಲ್ಲ ಕಣಪ್ಪ, ಸುಮ್ನೆ ಯಾಕೆ ಅಂತ ಬಿಟ್ಟಿದ್ದೆ" ಅನ್ನುತ್ತಾರೆ. ಅವರೊಬ್ಬರೇ ಅಲ್ಲ. ಕೌಂಟರಿನ ಈಚೆ ಕೂತವನಿಗೆ ಯಾರು ಮಾತ್ರೆ ನುಂಗುತ್ತಾರೆ, ಯಾರು ನುಂಗುವುದಿಲ್ಲ ಅನ್ನುವುದು ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಡಾಕ್ಟರಿಗೆ ಜನ ಸುಳ್ಳು ಹೇಳುತ್ತಾರೆ. ಶೀಟು ಸುಳ್ಳು ಹೇಳುವುದಿಲ್ಲ.

ಹೋದ ತಿಂಗಳು ಮೇಷ್ಟ್ರು ಮೊಬೈಲು ಹಿಡಿದುಕೊಂಡೇ ಬಂದರು.

"ಬಿಪಿಗೆ ಅದ್ಯಾವುದೋ ಜೀನ್ ಇಂಜೆಕ್ಷನ್ ಬಂದಿದೆಯಂತಲ್ಲಪ್ಪ. ಆರು ತಿಂಗಳಿಗೆ ಒಂದೇ ಸಲವಂತೆ. ತರಿಸಿ ಕೊಡ್ತೀಯಾ?"

"ಇನ್ನೂ ಮಾರಾಟಕ್ಕೆ ಬಂದಿಲ್ಲ ಮೇಷ್ಟ್ರೇ. ಪ್ರಯೋಗದಲ್ಲಿದೆ."

"ಅಂದ್ರೆ ಇರೋದು ನಿಜ ತಾನೆ?"

ನಿಜವೇ. ಅದರ ಹೆಸರು ಝಿಲೆಬೆಸಿರಾನ್. ಅಮೆರಿಕದ ಆಲ್ನೈಲಮ್ ಕಂಪನಿಯದ್ದು. ಬಿಪಿಯನ್ನು ಜೀನ್ ಮಟ್ಟದಲ್ಲೇ ಹಿಡಿಯಬೇಕು ಅನ್ನುವ ಮೂವತ್ತು ವರ್ಷದ ಆಸೆ ಇಷ್ಟು ಜನರ ಮೈಮೇಲೆ ಪರೀಕ್ಷೆಯಾದ ಪ್ರಕರಣ ನಾನು ಬೇರೆ ಕಂಡಿಲ್ಲ. ಅವತ್ತು ಅಂಗಡಿಯಲ್ಲಿ ಅವರಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲಿಗೆ, ಈ ಔಷಧ ಯಾವುದಕ್ಕೆ ಕೈ ಹಾಕುತ್ತದೆ ಅಂತ ನೋಡೋಣ. ನಮ್ಮ ಈಲಿ, ಅಂದರೆ ಲಿವರ್, ಒಂದು ಪ್ರೊಟೀನ್ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅದರ ಹೆಸರು ಆಂಜಿಯೋಟೆನ್ಸಿನೋಜೆನ್. ಅದು ತಾನಾಗಿ ಏನೂ ಮಾಡುವುದಿಲ್ಲ. ಕಿಡ್ನಿಯಿಂದ ಬರುವ ರೆನಿನ್ ಅದನ್ನು ಒಂದು ಸಲ ಕತ್ತರಿಸುತ್ತದೆ. ಆಮೇಲೆ ಎಸಿಇ ಅನ್ನುವ ಕಿಣ್ವ ಇನ್ನೊಂದು ಸಲ ಕತ್ತರಿಸುತ್ತದೆ. ಕೊನೆಗೆ ಉಳಿಯುವ ತುಂಡು ಆಂಜಿಯೋಟೆನ್ಸಿನ್-2. ಎಂಟೇ ಅಮೈನೋ ಆಮ್ಲದ ಪುಟ್ಟ ತುಂಡು, ಆದರೆ ಕೆಲಸ ದೊಡ್ಡದು. ರಕ್ತನಾಳ ಬಿಗಿಯುತ್ತದೆ, ಉಪ್ಪು ನೀರನ್ನು ದೇಹದಲ್ಲೇ ಹಿಡಿದಿಡಿಸುತ್ತದೆ. ಬಿಪಿ ಏರುತ್ತದೆ.

ಕೆರೆ, ಕಾಲುವೆ, ತೂಬು ಅಂತ ಅಂದುಕೊಳ್ಳಿ. ಲಿವರ್ ಕೆರೆ. ಎಸಿಇ ನಡುವಿನ ತೂಬು. ರಕ್ತನಾಳದ ಮೇಲೆ ಆಂಜಿಯೋಟೆನ್ಸಿನ್-2 ಬಂದು ಕೂರುವ ಜಾಗ, ಅಂದರೆ ರಿಸೆಪ್ಟರ್, ಕೊನೆಯ ತೂಬು. ನಾವು ಈಗ ಮಾರುವ ರಾಮಿಪ್ರಿಲ್, ಎನಾಲಾಪ್ರಿಲ್ ನಡುವಿನ ತೂಬು ಮುಚ್ಚುತ್ತವೆ. ಟೆಲ್ಮಿಸಾರ್ಟನ್, ಓಲ್ಮೆಸಾರ್ಟನ್ ಕೊನೆಯದನ್ನು ಮುಚ್ಚುತ್ತವೆ. ಕೆಳಗೆ ಮುಚ್ಚಿದರೆ ಹಿಂದೆ ನೀರು ನಿಲ್ಲುತ್ತದೆ ಅಲ್ವಾ? ಇಲ್ಲೂ ಹಾಗೇ. ಕಿಡ್ನಿ ಇನ್ನೂ ಜಾಸ್ತಿ ರೆನಿನ್ ಬಿಡುತ್ತದೆ, ಸ್ವಲ್ಪ ಸ್ವಲ್ಪ ಸೋರಿಕೆ ಆಗುತ್ತದೆ. ಹಾಗಾದರೆ ಕೆರೆಗೆ ನೀರೇ ಬಾರದ ಹಾಗೆ ಮಾಡಿದರೆ? ಝಿಲೆಬೆಸಿರಾನ್ ಹುಟ್ಟಿದ್ದು ಈ ಪ್ರಶ್ನೆಯಿಂದ.

ಈ ಪ್ರಶ್ನೆಗೆ ಆಧಾರ ಕೊಟ್ಟ ಒಂದು ಇಲಿಯ ಪ್ರಯೋಗ ನನಗೆ ತುಂಬಾ ಇಷ್ಟ. 1995ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಲಿವರ್ ಸ್ಮಿಥೀಸ್ ತಂಡ ಇದನ್ನು ಮಾಡಿತು. ಸ್ಮಿಥೀಸ್‌ಗೆ ಆಮೇಲೆ 2007ರಲ್ಲಿ ನೊಬೆಲ್ ಬಂತು. ಮಾಮೂಲಿ ಇಲಿಗೆ ಈ ಪ್ರೊಟೀನಿನ ಜೀನ್ ಎರಡು ಪ್ರತಿ ಇರುತ್ತವೆ. ಇವರು ಒಂದೂ ಇಲ್ಲದ, ಒಂದು, ಎರಡು, ಮೂರು, ನಾಲ್ಕು ಪ್ರತಿ ಇರುವ ಇಲಿಗಳನ್ನು ಸಾಕಿದರು. ಬಿಪಿ ಅಳೆದರು. ಒಂದೊಂದು ಪ್ರತಿ ಜಾಸ್ತಿಯಾದ ಹಾಗೂ ಬಿಪಿ ಸುಮಾರು 8 ಪಾಯಿಂಟ್ ಮೇಲೇರುತ್ತಾ ಹೋಯಿತು, ಮೆಟ್ಟಿಲು ಹತ್ತಿದ ಹಾಗೆ. ಜೀನ್ ಎಷ್ಟಿದೆಯೋ ಬಿಪಿ ಅಷ್ಟು. ಇಷ್ಟು ನೇರವಾದ ಲೆಕ್ಕ ಬಿಪಿ ವಿಷಯದಲ್ಲಿ ಸಿಗುವುದು ಅಪರೂಪ.

ಅದೇ ಹೊತ್ತಿಗೆ ಬೇರೆ ಕಡೆಗಳಲ್ಲೂ ಜನ ಇಲಿಗಳ ಹಿಂದೆ ಬಿದ್ದಿದ್ದರು. ಕ್ಯೋಟೋದಲ್ಲಿ ಒಕಾಮೋಟೊ ಮತ್ತು ಆವೊಕಿ 1963ರಲ್ಲಿ ಬೆಳೆಸಿದ, ಹುಟ್ಟಾ ಬಿಪಿ ಬರುವ ಇಲಿ ತಳಿ ಎಲ್ಲರಿಗೂ ಸಿಕ್ಕಿತ್ತು. ಫ್ಲೋರಿಡಾದಲ್ಲಿ ಮೋಹನ್ ರೈಜಾದಾ ತಂಡ 1996ರಲ್ಲಿ, ಹುಟ್ಟಿ ಐದು ದಿನವಾದ ಇಂಥ ಮರಿಗಳಿಗೆ ವೈರಸ್ಸಿನ ಮೂಲಕ ಒಂದು ಜೀನ್ ತುಣುಕು ಸೇರಿಸಿತು. ಕೊನೆಯ ತೂಬಿನ ತಯಾರಿಯನ್ನು ತಡೆಯುವ ತುಣುಕು ಅದು. ಮರಿಗಳು ದೊಡ್ಡವಾದವು, ಬಿಪಿ ಬರಲಿಲ್ಲ. ಪತ್ರಿಕೆಗಳು "ಬಿಪಿಗೆ ಶಾಶ್ವತ ಪರಿಹಾರ" ಅಂತ ಬರೆಯುವುದಕ್ಕೆ ಇಷ್ಟು ಸಾಕು.

ಆದರೆ 1999ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ ಹದಿನೆಂಟರ ಹುಡುಗ ತೀರಿಕೊಂಡ. ಬೇರೆ ಕಾಯಿಲೆಗೆ ನಡೆಯುತ್ತಿದ್ದ ಜೀನ್ ಥೆರಪಿ ಪ್ರಯೋಗ ಅದು. ಜೀನ್ ಹೊತ್ತುಕೊಂಡು ಹೋಗಬೇಕಿದ್ದ ವೈರಸ್ಸಿಗೆ ಅವನ ದೇಹ ವಿಪರೀತವಾಗಿ ಪ್ರತಿಕ್ರಿಯಿಸಿತ್ತು. ಆಮೇಲೆ ಈ ಇಡೀ ಕ್ಷೇತ್ರಕ್ಕೆ ಹಲವು ವರ್ಷ ಗ್ರಹಣ ಹಿಡಿಯಿತು. ಬೇರೆ ದಾರಿಯೇ ಇಲ್ಲದ ಕಾಯಿಲೆಗೆ ಅಪಾಯ ಒಪ್ಪಿಕೊಳ್ಳಬಹುದು. ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಗೆ ಬರುವ ಬಿಪಿಗೆ ಯಾರು ಒಪ್ಪುತ್ತಾರೆ?

ದಾರಿ ತೆರೆದದ್ದು ಒಂದು ಹುಳು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಅನ್ನುವ ವಿದ್ಯಮಾನ ತೋರಿಸಿದರು. 2006ರಲ್ಲಿ ಅವರಿಗೂ ನೊಬೆಲ್ ಬಂತು. ಇದನ್ನು ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಹೇಳಿದರೆ ಸುಲಭ. ಡಿಎನ್‌ಎ ಅನ್ನುವುದು ರೆಕಾರ್ಡ್ ರೂಮಿನಲ್ಲಿರುವ ಮೂಲ ದಾಖಲೆ. ಅದು ಅಲ್ಲಿಂದ ಹೊರಗೆ ಬರುವುದಿಲ್ಲ. ಹೊರಗೆ ಬರುವುದು ಅದರ ಜೆರಾಕ್ಸ್. ಅದೇ ಮೆಸೆಂಜರ್ ಆರ್‌ಎನ್‌ಎ. ಆ ಜೆರಾಕ್ಸ್ ನೋಡಿಕೊಂಡು ಜೀವಕೋಶ ಪ್ರೊಟೀನ್ ತಯಾರಿಸುತ್ತದೆ. ಝಿಲೆಬೆಸಿರಾನ್ ಮೂಲ ದಾಖಲೆಯನ್ನು ಮುಟ್ಟುವುದೇ ಇಲ್ಲ. ಆಂಜಿಯೋಟೆನ್ಸಿನೋಜೆನ್‌ನ ಜೆರಾಕ್ಸ್ ಬಂದ ಬಂದ ಹಾಗೆ ಹರಿದು ಹಾಕುತ್ತದೆ, ಅಷ್ಟೇ.

ಹಾಗಾಗಿ ಕಟ್ಟುನಿಟ್ಟಾಗಿ ಹೇಳಿದರೆ ಇದು ಜೀನ್ ಥೆರಪಿ ಅಲ್ಲ. ಜೀನ್ ಬಾಯಿ ಮುಚ್ಚಿಸುವುದು. ವೈರಸ್ಸೂ ಬೇಕಿಲ್ಲ. ಝಿಲೆಬೆಸಿರಾನ್ ಅನ್ನುವುದು ಒಂದು ಪುಟ್ಟ ಆರ್‌ಎನ್‌ಎ ತುಣುಕು. ಅದಕ್ಕೆ ಒಂದು ಬಗೆಯ ಸಕ್ಕರೆಯನ್ನು ಅಂಟಿಸಿರುತ್ತಾರೆ. ಆ ಸಕ್ಕರೆಯನ್ನು ಗುರುತು ಹಿಡಿದು ಒಳಗೆ ಎಳೆದುಕೊಳ್ಳುವ ಬಾಗಿಲುಗಳು ಲಿವರಿನ ಜೀವಕೋಶಗಳ ಮೇಲೆ ತುಂಬಾ ಇವೆ. ಚರ್ಮದ ಕೆಳಗೆ ಚುಚ್ಚಿದರೆ ಸಾಕು, ವಿಳಾಸ ಬರೆದ ಲಕೋಟೆಯ ಹಾಗೆ ಲಿವರಿಗೆ ಹೋಗಿ ಸೇರುತ್ತದೆ. ಒಳಗೆ ಹೋದದ್ದು ತಿಂಗಳುಗಟ್ಟಲೆ ಕೂತು ಒಂದಾದ ಮೇಲೊಂದು ಜೆರಾಕ್ಸ್ ಹರಿಯುತ್ತದೆ. ಆರು ತಿಂಗಳಿಗೊಂದು ಸೂಜಿ ಸಾಕಾಗುವುದು ಇದರಿಂದ. ಕೊಲೆಸ್ಟ್ರಾಲಿಗೆ ಇದೇ ತಂತ್ರದ ಇನ್‌ಕ್ಲಿಸಿರಾನ್ ಆಗಲೇ ಬಂದಿದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನು ಮನುಷ್ಯರ ಮೇಲಿನ ಪ್ರಯೋಗಗಳು. ಮೊದಲ ಹಂತದ ವರದಿ 2023ರ ಜುಲೈನಲ್ಲಿ ಬಂತು. ಬಾಸ್ಟನ್ನಿನ ಹೃದ್ರೋಗ ತಜ್ಞ ಅಕ್ಷಯ್ ದೇಸಾಯಿ ಮುಖ್ಯ ಲೇಖಕರು. 107 ಜನ ರೋಗಿಗಳು. 200 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಒಂದೇ ಸಲ ಕೊಟ್ಟವರಲ್ಲಿ ಎಂಟನೇ ವಾರಕ್ಕೆ ಮೇಲಿನ ಬಿಪಿ 10ಕ್ಕಿಂತ ಜಾಸ್ತಿ ಇಳಿದಿತ್ತು. 24ನೇ ವಾರಕ್ಕೂ ಆ ಇಳಿಕೆ ಹಾಗೇ ಇತ್ತು. ಅತಿ ದೊಡ್ಡ ಡೋಸ್ 800 ಮಿಲಿಗ್ರಾಂ ತಗೊಂಡವರಲ್ಲಿ 24ನೇ ವಾರದ ಇಳಿಕೆ ಸರಾಸರಿ 22 ಪಾಯಿಂಟು ದಾಟಿತ್ತು. ಒಂದು ಸೂಜಿಗೆ! ನಾನು ಓದಿದಾಗ ಎದ್ದು ಕೂತೆ.

ಅಳೆದದ್ದು ಕೂಡ ಸರಿಯಾಗಿಯೇ. ನಮ್ಮ ಕೌಂಟರಿನಲ್ಲಿ ಒಂದು ಸಲ ಪಟ್ಟಿ ಸುತ್ತಿ ಗುಂಡಿ ಒತ್ತುವ ಹಾಗಲ್ಲ. ತೋಳಿಗೆ ಪಟ್ಟಿ, ಸೊಂಟಕ್ಕೆ ಪುಟ್ಟ ಯಂತ್ರ ಕಟ್ಟಿ ಮನೆಗೆ ಕಳಿಸುತ್ತಾರೆ. ಹಗಲೂ ರಾತ್ರಿ, ನಿದ್ದೆಯಲ್ಲೂ, ಅರ್ಧ ಗಂಟೆಗೊಮ್ಮೆಯೋ ಇನ್ನೂ ಬೇಗನೆಯೋ ಅದು ಬುಸ್ಸೆಂದು ಉಬ್ಬಿ ಅಳೆಯುತ್ತದೆ. 24 ಗಂಟೆಯ ಸರಾಸರಿ ಸಿಗುತ್ತದೆ. ಡಾಕ್ಟರನ್ನು ನೋಡಿದ ಗಾಬರಿಗೆ ಏರುವ ಬಿಪಿ ಇಲ್ಲಿ ಆಟ ಆಡುವುದಿಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಸಣ್ಣ ಭಾಗವಿದೆ. ಮೇಷ್ಟ್ರಿಗೆ ನಾನು ಮೊದಲು ಹೇಳಿದ್ದು ಅದನ್ನೇ. ಸೂಜಿ ತಗೊಂಡ ಒಂದು ಗುಂಪಿಗೆ ಉಪ್ಪು ಕಮ್ಮಿ ಇರುವ ಊಟವನ್ನೂ ಉಪ್ಪು ಜಾಸ್ತಿ ಇರುವ ಊಟವನ್ನೂ ಕೊಟ್ಟು ನೋಡಿದರು. ಉಪ್ಪು ಜಾಸ್ತಿ ತಿಂದಾಗ ಬಿಪಿಯ ಇಳಿಕೆ ಕುಗ್ಗಿಹೋಯಿತು. ಜೀನಿನ ಬಾಯಿಗೆ ಬೀಗ ಹಾಕಿದ್ದರೂ ಉಪ್ಪು ತನ್ನ ಕೆಲಸ ಮಾಡಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದೆ ಅನ್ನ ಇಳಿಯದ ನಮ್ಮಂಥವರು ಇದನ್ನು ಎರಡು ಸಲ ಓದಬೇಕು.

ಎರಡನೇ ಹಂತದ ಮೊದಲ ಪ್ರಯೋಗ ಕಾರ್ಡಿಯಾ-1. ಶಿಕಾಗೊದ ಜಾರ್ಜ್ ಬಾಕ್ರಿಸ್ ಮುಂದಾಳು. 394 ಜನ. ಇದರ ಫಲಿತಾಂಶ 2024ರ ಫೆಬ್ರವರಿಯಲ್ಲಿ ಅಚ್ಚಾಯಿತು. ಮೂರು ತಿಂಗಳಾದ ಮೇಲೆ ನೋಡಿದಾಗ 300 ಮಿಲಿಗ್ರಾಂ ಗುಂಪಿನವರ ಬಿಪಿ, ಹುಸಿ ಸೂಜಿ ತಗೊಂಡವರಿಗೆ ಹೋಲಿಸಿದರೆ, 16.7 ಪಾಯಿಂಟ್ ಕಮ್ಮಿ ಇತ್ತು. ಸುದ್ದಿಯಲ್ಲಿ ಓಡಾಡಿದ್ದು ಈ ಅಂಕಿ. ಆದರೆ ಸ್ವಲ್ಪ ಬಿಡಿಸಿ ನೋಡಿ. ಔಷಧ ತಗೊಂಡವರಲ್ಲಿ ಬಿಪಿ ಇಳಿದದ್ದು 10 ಪಾಯಿಂಟ್. ಹುಸಿ ಸೂಜಿಯವರಲ್ಲಿ 6.8 ಪಾಯಿಂಟ್ ಏರಿತ್ತು. ಮೊದಲು ಮಾತ್ರೆ ತಗೊಳ್ಳುತ್ತಿದ್ದವರು ಪ್ರಯೋಗಕ್ಕಾಗಿ ಅದನ್ನು ನಿಲ್ಲಿಸಬೇಕಿತ್ತು. ಮಾತ್ರೆ ನಿಂತರೆ ಬಿಪಿ ಏರದೆ ಏನಾಗುತ್ತದೆ? ಎರಡನ್ನೂ ಕೂಡಿಸಿದರೆ 16ರ ಮೇಲೆ. ಇದರಲ್ಲಿ ಮೋಸವೇನೂ ಇಲ್ಲ, ಹೋಲಿಕೆ ಅನ್ನುವುದು ಮಾಡಬೇಕಾದದ್ದೇ ಹೀಗೆ. ಆದರೂ ಮೇಷ್ಟ್ರ ಯಂತ್ರದಲ್ಲಿ ಕಾಣಬಹುದಾದ ಇಳಿಕೆ ಹತ್ತರ ಆಸುಪಾಸಿನದು ಅಂತ ನಾನು ಲೆಕ್ಕ ಹಾಕುತ್ತೇನೆ. ಒಂದು ಒಳ್ಳೆಯ ಮಾತ್ರೆ ಮಾಡುವಷ್ಟು ಕೆಲಸ ಅದು.

ಇಲ್ಲೇ ನನಗೆ ಈ ಪ್ರಕರಣದ ಗಂಟು ಕಾಣುವುದು. ಈ ಔಷಧ ರಕ್ತದಲ್ಲಿರುವ ಆಂಜಿಯೋಟೆನ್ಸಿನೋಜೆನ್ ಅನ್ನು 90%ಕ್ಕೂ ಹೆಚ್ಚು ಇಳಿಸಬಲ್ಲದು. ಕೆರೆ ಹೆಚ್ಚುಕಮ್ಮಿ ಬತ್ತಿದ ಹಾಗೆ. ಆದರೂ ಬಿಪಿ ಇಳಿಯುವುದು ಹತ್ತು ಹದಿನೈದು. ಯಾಕೆಂದರೆ ಬಿಪಿಗೆ ಒಂದೇ ಕೆರೆಯ ನೀರಲ್ಲ. ಕಿಡ್ನಿ, ನರಗಳು, ರಕ್ತನಾಳದ ಗೋಡೆ, ಉಪ್ಪು, ತೂಕ ಎಲ್ಲವೂ ಸೇರಿಕೊಂಡಿವೆ. 2018ರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನರ ಡಿಎನ್‌ಎ ನೋಡಿದ ಅಧ್ಯಯನದಲ್ಲಿ ಬಿಪಿಗೆ ನಂಟಿರುವ ಜಾಗಗಳ ಲೆಕ್ಕ 901ಕ್ಕೆ ಮುಟ್ಟಿತು. ಒಂದೊಂದರದ್ದೂ ಚಿಟಿಕೆಯಷ್ಟು ಪಾಲು. ಒಂದೇ ಜೀನ್ ಕೆಟ್ಟು ಬರುವ ಬಿಪಿಯೂ ಉಂಟು, ಲಿಡ್ಲ್ ಸಿಂಡ್ರೋಮ್ ಅಂಥದ್ದು, ಆದರೆ ಅದು ತೀರಾ ಅಪರೂಪ. ಮೇಷ್ಟ್ರಿಗೆ ಇರುವುದು ಊರಲ್ಲೆಲ್ಲ ಇರುವ ಬಿಪಿ. ಅದಕ್ಕೆ ಸರಿಪಡಿಸಬೇಕಾದ ಒಂದು ಜೀನ್ ಅಂತ ಇಲ್ಲ.

ಹಾಗಿದ್ದ ಮೇಲೆ ಈ ಸೂಜಿ ವಾಸಿ ಮಾಡುವುದಾದರೂ ಏನನ್ನು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಮರೆವನ್ನು. ಬಿಪಿ ಇಳಿಸುವ ಔಷಧಕ್ಕೆ ಬರವಿಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 35.5% ಜನಕ್ಕೆ ಬಿಪಿ ಇದೆ. ಅವರಿಗೆ ಬೇಕಾದ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುತ್ತವೆ. ನುಂಗುವವರು ಬೇಕು. ಇದೇ ಮರೆವಿಗೆ ನಮ್ಮ ಸರ್ಕಾರ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆ ಶುರು ಮಾಡಿತು. ಮನೆ ಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡಿ, ಮಾತ್ರೆ ಕೊಟ್ಟು ಬರುವುದು. ಆಲ್ನೈಲಮ್ ಲಿವರಿನೊಳಗೆ ಹೋಗಿ ಮಾಡುವ ಕೆಲಸವನ್ನು ಇಲ್ಲಿ ಆಶಾ ಕಾರ್ಯಕರ್ತೆ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಮಾಡುತ್ತಾಳೆ.

ಕಾರ್ಡಿಯಾ-2ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಆಗಲೇ ಒಂದು ಮಾತ್ರೆ ತಗೊಳ್ಳುತ್ತಿರುವವರಿಗೆ ಈ ಸೂಜಿಯನ್ನೂ ಸೇರಿಸಿದರು. ಮೂತ್ರ ಹೆಚ್ಚಿಸಿ ಉಪ್ಪು ಹೊರಹಾಕುವ ಇಂಡಪಮೈಡ್ ಜೊತೆಗೆ ಸೇರಿದಾಗ 12 ಪಾಯಿಂಟ್ ಹೆಚ್ಚುವರಿ ಇಳಿಕೆ. ಆಮ್ಲೋಡಿಪಿನ್ ಜೊತೆಗೆ ಹತ್ತರ ಹತ್ತಿರ. ಓಲ್ಮೆಸಾರ್ಟನ್ ಜೊತೆಗೆ ನಾಲ್ಕೈದು ಮಾತ್ರ. ಕೊನೆಯ ತೂಬು ಮುಚ್ಚಿರುವಾಗ ಕೆರೆ ಬತ್ತಿಸಿ ಎಷ್ಟು ಲಾಭ? ಮೇಷ್ಟ್ರ ಟೆಲ್ಮಿಸಾರ್ಟನ್ ಕೂಡ ಓಲ್ಮೆಸಾರ್ಟನ್ ಕುಲದ್ದೇ.

ಕಾರ್ಡಿಯಾ-3ರ ಫಲಿತಾಂಶವನ್ನು 2025ರ ಆಗಸ್ಟಿನಲ್ಲಿ ಮ್ಯಾಡ್ರಿಡ್‌ನಲ್ಲಿ ಹೇಳಿದರು. ಎರಡರಿಂದ ನಾಲ್ಕು ಬಗೆಯ ಮಾತ್ರೆ ತಗೊಂಡರೂ ಬಿಪಿ ಇಳಿಯದ, ಹೃದಯದ ಅಪಾಯ ಹೆಚ್ಚಿರುವ ರೋಗಿಗಳು. 300 ಮಿಲಿಗ್ರಾಂ ಕೊಟ್ಟವರಲ್ಲಿ ಹೆಚ್ಚುವರಿ ಇಳಿಕೆ 5 ಪಾಯಿಂಟ್. ಮೊದಲೇ ಗೊತ್ತು ಮಾಡಿಕೊಂಡಿದ್ದ ಅಂಕಿಅಂಶದ ಗೆರೆಯನ್ನು ಅದು ದಾಟಲಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುತ್ತಿದ್ದವರಲ್ಲಿ ಫಲ ಚೆನ್ನಾಗಿತ್ತು ಅಂತ ಕಂಪನಿ ಅದನ್ನೇ ಹಿಡಿದುಕೊಂಡಿದೆ. ದಾರಿ ಸರಿ ಇರಬಹುದು, ಉಪ್ಪನ್ನು ಹೊರಗೆ ಹಾಕಿದರೆ ಈ ಔಷಧ ಜೋರಾಗಿ ಕೆಲಸ ಮಾಡುತ್ತದೆ ಅನ್ನುವುದು ಮೊದಲಿನಿಂದ ಕಾಣುತ್ತಲೇ ಇದೆ. ಆದರೆ ಗೆರೆ ದಾಟದ ಪ್ರಯೋಗದೊಳಗೆ ಒಳ್ಳೆಯ ಗುಂಪನ್ನು ಆರಿಸಿ ತೋರಿಸುವುದನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. 2023ರಲ್ಲಿ ರೋಶ್ ಕಂಪನಿ ಈ ಔಷಧದ ಪಾಲುದಾರಿಕೆಗೆ 31 ಕೋಟಿ ಡಾಲರ್ ಮುಂಗಡ ಕೊಟ್ಟಿದೆ. ಅಷ್ಟು ಹಣ ಕೂತಿರುವ ಕಡೆ ಆಶಾವಾದಕ್ಕೆ ಬರ ಬರುವುದಿಲ್ಲ.

ಇನ್ನು ಎಲ್ಲಕ್ಕಿಂತ ಕಷ್ಟದ ವಿಷಯ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮೇಷ್ಟ್ರಿಗೆ ವಾಂತಿ ಬೇಧಿ ಹತ್ತಿಕೊಂಡಿತ್ತು. ಮದುವೆ ಊಟ. ಎರಡು ದಿನ ಎದ್ದೇಳಲಾಗಲಿಲ್ಲ. ಅವರ ಮಗ ನನ್ನ ಹತ್ತಿರ ಓಆರ್‌ಎಸ್ ತಗೊಳ್ಳಲು ಬಂದ. "ಅಪ್ಪ ಎದ್ದು ನಿಂತ್ರೆ ಕಣ್ಣು ಕತ್ತಲೆ ಬರ್ತಿದೆ ಅಂತಾರಣ್ಣ" ಅಂದ. ಡಾಕ್ಟರಿಗೆ ಫೋನ್ ಮಾಡಿಸಿದೆ. ಬಿಪಿ ಮಾತ್ರೆ ಸದ್ಯಕ್ಕೆ ನಿಲ್ಲಿಸಿ ಅಂದರು. ಮೈಯಲ್ಲಿ ನೀರು ಕಮ್ಮಿಯಾದಾಗ ಬಿಪಿಯನ್ನು ಎತ್ತಿ ಹಿಡಿಯುವುದು ಇದೇ ಆಂಜಿಯೋಟೆನ್ಸಿನ್. ಅದನ್ನು ತಡೆದು ಕೂತರೆ ಬಿಪಿ ಕುಸಿಯುತ್ತದೆ, ಕಿಡ್ನಿಗೂ ಪೆಟ್ಟು. ಮಾತ್ರೆ ನಿಲ್ಲಿಸಿದ್ದರಿಂದ ಮೂರು ದಿನದಲ್ಲಿ ಸುಧಾರಿಸಿಕೊಂಡರು.

ಅವತ್ತು ಮೇಷ್ಟ್ರು ಆರು ತಿಂಗಳ ಸೂಜಿ ಹಾಕಿಸಿಕೊಂಡಿದ್ದರೆ? ಒಳಗೆ ಹೋದದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಆಸ್ಪತ್ರೆಯಲ್ಲಿ ದಾರಿಗಳಿವೆ ಅನ್ನಿ. ಸಲೈನ್ ಕೊಡಬಹುದು. ನಾರ್ ಅಡ್ರಿನಲಿನ್ ಕೊಡಬಹುದು. ಆಂಜಿಯೋಟೆನ್ಸಿನ್-2 ಅನ್ನೇ ಇಂಜೆಕ್ಷನ್ ರೂಪದಲ್ಲಿ ಅಮೆರಿಕದಲ್ಲಿ 2017ರಲ್ಲಿ ಒಪ್ಪಿದ್ದಾರೆ, ಅದು ಲಿವರಿನ ಹಂಗಿಲ್ಲದೆ ಕೆಲಸ ಮಾಡುತ್ತದೆ. ಪ್ರಯೋಗಗಳಲ್ಲಿ ಇಲ್ಲಿಯವರೆಗೆ ಕಂಡದ್ದೂ ಹೆಚ್ಚಾಗಿ ಸಣ್ಣಪುಟ್ಟದ್ದೇ. ಕಾರ್ಡಿಯಾ-1ರಲ್ಲಿ ಸೂಜಿ ಚುಚ್ಚಿದ ಜಾಗದ ಉರಿ 6.3% ಜನಕ್ಕೆ, ರಕ್ತದಲ್ಲಿ ಪೊಟ್ಯಾಸಿಯಂ ಸ್ವಲ್ಪ ಏರಿದ್ದು 5.3% ಜನಕ್ಕೆ. ಆದರೆ ಪ್ರಯೋಗದ ರೋಗಿಗಳನ್ನು ಆರಿಸಿ ತಗೊಂಡಿರುತ್ತಾರೆ, ಪದೇ ಪದೇ ಕರೆದು ರಕ್ತ ನೋಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಮದುವೆ ಊಟ ಮಾಡಿ ಹಳ್ಳಿಯಲ್ಲಿ ಮಲಗಿರುವವರನ್ನು ಯಾರು ಕರೆಯುತ್ತಾರೆ? ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಇದೇ ಕಾಲುವೆ ಮುಚ್ಚುವ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಬಸಿರು ಅಂತ ಗೊತ್ತಾದ ದಿನವೇ ಮಾತ್ರೆ ಬದಲಿಸುತ್ತಾರೆ. ಸೂಜಿಯನ್ನು ಹೇಗೆ ಬದಲಿಸುವುದು?

ಮರೆತರೂ ಕೆಲಸ ಮಾಡುತ್ತದೆ ಅನ್ನುವುದು ಈ ಔಷಧದ ಗುಣ. ಬೇಡವೆಂದರೂ ಕೆಲಸ ಮಾಡುತ್ತದೆ ಅನ್ನುವುದು ಅದೇ ಗುಣದ ಬೆನ್ನು.

ಈ ದಾರಿಯಲ್ಲಿ ಇನ್ನೂ ಮುಂದೆ ಹೋಗುವವರೂ ಇದ್ದಾರೆ. ವಿಕ್ಟರ್ ಜಾವ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯದ ಸಂಗಡಿಗರು 2021ರಲ್ಲಿ, ಕ್ಯೋಟೋ ತಳಿಯ ಇಲಿಗಳ ಲಿವರಿನಲ್ಲಿ ಈ ಜೀನನ್ನೇ ಕ್ರಿಸ್ಪರ್ ಕತ್ತರಿಯಿಂದ ಕತ್ತರಿಸಿದರು. ಜೆರಾಕ್ಸ್ ಅಲ್ಲ, ಮೂಲ ದಾಖಲೆಯನ್ನೇ. ಬಿಪಿ ಇಳಿಯಿತು, ಇಳಿದದ್ದು ಮೇಲೇಳಲಿಲ್ಲ. ಕಟ್ಟುನಿಟ್ಟಿನ ಅರ್ಥದಲ್ಲಿ ಜೀನ್ ಥೆರಪಿ ಅಂದರೆ ಇದು. ಆರು ತಿಂಗಳು ವಾಪಸ್ ತೆಗೆಯಲಾಗದ್ದಕ್ಕೇ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಜೀವಮಾನದ್ದು ಅಂದರೆ, ನನ್ನ ಅಭಿಪ್ರಾಯದಲ್ಲಿ, ಮಾಮೂಲಿ ಬಿಪಿಗೆ ಅದು ಬೇಡ.

ಈಗ ಝಿಲೆಬೆಸಿರಾನ್ ಎಲ್ಲಿದೆ? ಸುಮಾರು 11,000 ರೋಗಿಗಳ ದೊಡ್ಡ ಪ್ರಯೋಗಕ್ಕೆ ಕಂಪನಿಗಳು ಕೈ ಹಾಕಿವೆ. ಹೆಸರು ಝೆನಿತ್. ಇಲ್ಲಿ ಕೇಳುವುದು ಬಿಪಿ ಎಷ್ಟು ಇಳಿಯಿತು ಅಂತಲ್ಲ. ಹೃದಯಾಘಾತ, ಪಾರ್ಶ್ವವಾಯು, ಸಾವು ಕಮ್ಮಿಯಾದವಾ ಅಂತ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ದರದ ಮಾತು ಆಮೇಲಿನದು. ಇದರ ಅಣ್ಣ ಇನ್‌ಕ್ಲಿಸಿರಾನ್ ಅಮೆರಿಕದಲ್ಲಿ ಬಂದಾಗ ಒಂದು ಸೂಜಿಗೆ 3,250 ಡಾಲರ್ ಇತ್ತು.

ಇಷ್ಟನ್ನೂ ಮೇಷ್ಟ್ರಿಗೆ ಹೇಳುವಷ್ಟರಲ್ಲಿ ನಡುವೆ ನಾಲ್ಕು ಗಿರಾಕಿಗಳು ಬಂದು ಹೋದರು. ಮೇಷ್ಟ್ರು ಸ್ಟೂಲ್ ಎಳೆದುಕೊಂಡು ಪೂರ್ತಿ ಕೇಳಿದರು. ಡಾಲರ್ ಲೆಕ್ಕ ಬಂದಾಗ ಮಾತ್ರ ಬಾಯಲ್ಲೇ ಗುಣಾಕಾರ ಮಾಡಿ, "ಎರಡೂವರೆ ಲಕ್ಷದ ಮೇಲಾಯ್ತಲ್ಲೋ" ಅಂದರು.

"ಆಯ್ತು ಮೇಷ್ಟ್ರೇ."

"ಬೇಧಿ ಆದ್ರೆ ನಿಲ್ಸೋಕೂ ಆಗಲ್ಲ ಅಂತೀಯ."

"ಆಗಲ್ಲ."

"ಸರಿ ಹಾಗಾದ್ರೆ, ಸದ್ಯಕ್ಕೆ ಒಂದು ಶೀಟು ಕೊಡು."

ನಾನು ಮೂರು ಶೀಟು ತೆಗೆದೆ. ಬೆಳ್ಳಿ ಹಾಳೆಯ ಹಿಂದೆ ಮಾರ್ಕರ್ ಪೆನ್ನಿನಿಂದ ಒಂದೊಂದು ಮಾತ್ರೆಗೂ ಸೋಮ, ಮಂಗಳ, ಬುಧ ಅಂತ ಬರೆದು ಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಗುರುವಾರದ ರು ಸರಿಯಾಗಿ ಬರೆಯೋ" ಅಂದರು. ಒಂದು ಶೀಟು ಜೇಬಿಗೆ ಹಾಕಿಕೊಂಡು ಎರಡನ್ನು ಕೌಂಟರಿನ ಮೇಲೆ ವಾಪಸ್ ಇಟ್ಟು, ಚಿಲ್ಲರೆ ಎಣಿಸಿ ಕೊಟ್ಟು ಹೊರಟರು.